ಅಪ್ಪನ ದನಿಯಲ್ಲಿ ಹದಿಮೂರು ಭಾನುವಾರ

ಮೊದಲ ಸಲ ಅದು ಆಕಸ್ಮಿಕವಾಗಿ ಆಯಿತು. ಎರಡನೆಯ ಸಲದಿಂದ ಅದು ವಿಶ್ರುತನ ಕೆಲಸವಾಯಿತು.

ಸೆಪ್ಟೆಂಬರಿನ ಒಂದು ಭಾನುವಾರ, ಬೆಳಿಗ್ಗೆ ಎಂಟೂವರೆ. ಅಮೆರಿಕಾದ ಡೌನರ್ಸ್ ಗ್ರೋವ್‌ನ ಮನೆಯ ಅಡುಗೆಮನೆಯಲ್ಲಿ ಹದಿನಾರು ವರ್ಷದ ವಿಶ್ರುತ್ ಹಾಲಿಗೆ ಸೀರಿಯಲ್ ಸುರಿದುಕೊಂಡು ತಿನ್ನುತ್ತಿದ್ದ. ಎದುರಿಗೆ ಅವನ ಅಪ್ಪ ಸಂಗಮೇಶ್ ಬಾಗಲಕೋಟೆಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟ. ಅಲ್ಲಿ ಆಗ ಸಂಜೆ ಏಳು. ಇಪ್ಪತ್ತೆರಡು ವರ್ಷಗಳಿಂದ ಅದೇ ವಾರ, ಅದೇ ಹೊತ್ತು. ಅವನ ತಾಯಿ ಕಮಲವ್ವ ಲಿಂಗಪೂಜೆ ಮುಗಿಸಿ, ಕಿರಿಯ ಮಗ ಕಲ್ಲಿನಾಥನ ಮನೆಯ ಪಡಸಾಲೆಯಲ್ಲಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿರುತ್ತಾಳೆ. ಕಣ್ಣು ಮಂಜಾಗಿ ಆರು ವರ್ಷವಾಗಿತ್ತು. ವಿಡಿಯೋ ಅವಳಿಗೆ ಉಪಯೋಗವಿರಲಿಲ್ಲ. ಕಿವಿ ಮಾತ್ರ ಚುರುಕಾಗಿತ್ತು.

"ಹಲೋ, ಸಂಗಪ್ಪಾ?"

ಸಂಗಮೇಶ್ ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ. ಎರಡು ವಾರದಿಂದ ದನಿ ಒಡೆಯುತ್ತಿತ್ತು. ಶ್ವಾಸಕೋಶದ ಗಡ್ಡೆ ದನಿಯ ನರವನ್ನು ಒತ್ತುತ್ತಿದೆ, ಒಂದು ದಿನ ಪೂರ್ತಿ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಆ ಒಂದು ದಿನ ಭಾನುವಾರವಾಗಿತ್ತು.

"ಹಲೋ? ಯಾಕ, ಮಾತ ಬರವಲ್ದು?"

ವಿಶ್ರುತ್ ಬಾಯಲ್ಲಿದ್ದುದನ್ನು ನುಂಗಿ "ಹಲೋ" ಅಂದ. ಅಪ್ಪನ ಗಂಟಲು ಸರಿಯಿಲ್ಲ ಎಂದು ಹೇಳುವುದಷ್ಟೇ ಅವನ ಉದ್ದೇಶ.

"ಹಾಂ, ಈಗ ಕೇಳಿಸ್ತು ನೋಡು. ಉಂಡೇನಪಾ?"

ವಿಶ್ರುತನ ದನಿ ಒಡೆದು ಗಂಡಸಿನದಾಗಿ ಎರಡು ವರ್ಷವಾಗಿತ್ತು. ಫೋನಿನಲ್ಲಿ ಅಪ್ಪನ ಹಾಗೇ ಕೇಳುತ್ತೀಯ ಎಂದು ಎಲ್ಲರೂ ಹೇಳುತ್ತಿದ್ದರು. ಅವನು ತಿದ್ದಲು ಹೊರಟಾಗ ಒಲೆಯ ಮುಂದೆ ನಿಂತಿದ್ದ ಅಮ್ಮ ಸುಹಾಸಿನಿ ಬೇಡ ಎಂದು ತಲೆಯಾಡಿಸಿದಳು. ಕೈಯಿಂದ, ಮುಂದುವರಿಸು ಎಂದಳು. ವಿಶ್ರುತ್ ಅಪ್ಪನ ಕಡೆ ನೋಡಿದ. ಅಪ್ಪ ಫೋನನ್ನು ನೋಡುತ್ತಿದ್ದ.

"ಹೂಂ" ಅಂದ ವಿಶ್ರುತ್.

ಆ ದಿನ ಅವನು ಹನ್ನೊಂದು ಸಲ ಹೂಂ ಅಂದ. ಕಮಲವ್ವನಿಗೆ ಅಷ್ಟು ಸಾಕಾಗಿತ್ತು.

*

ಕಾಯಿಲೆಯ ಸುದ್ದಿ ಕಮಲವ್ವನಿಗೆ ಹೇಳಬಾರದು ಎಂದು ತೀರ್ಮಾನಿಸಿದವನು ಕಲ್ಲಿನಾಥ. ಆಗಸ್ಟಿನಲ್ಲಿ ಅವಳಿಗೆ ಹೃದಯಾಘಾತವಾಗಿತ್ತು. ಡಿಸೆಂಬರಿನ ಕೊನೆಗೆ ಬೆಳಗಾವಿಯಲ್ಲಿ ಬೈಪಾಸ್ ಆಗಬೇಕಿತ್ತು. "ಅಣ್ಣಾ, ಆಕಿ ತಡಕೊಳ್ಳಾಂಗಿಲ್ಲ. ಆಪರೇಶನ್ ಆಗಲಿ, ಆಮ್ಯಾಲೆ ಹೇಳೂಣಂತ" ಎಂದಿದ್ದ. ಸಂಗಮೇಶ್ ಒಪ್ಪಿದ. ತಾನು ಡಿಸೆಂಬರಿನ ಕೊನೆಯವರೆಗೆ ಇರುತ್ತೇನೆ ಎಂದು ಆಗ ಅವನಿಗೆ ಇನ್ನೂ ಅನ್ನಿಸಿತ್ತು.

ಎರಡನೆಯ ಭಾನುವಾರಕ್ಕೆ ಮೊದಲು ಸಂಗಮೇಶ್ ಒಂದು ಹಾಳೆ ತಯಾರಿಸಿದ. ಓಕ್ ಬ್ರೂಕ್‌ನ ಆಫೀಸಿನಲ್ಲಿ ಪಂಪುಗಳ ಡಿಸೈನ್ ಮಾಡುತ್ತಿದ್ದ ಇಂಜಿನಿಯರ್ ಅವನು, ಎಲ್ಲಕ್ಕೂ ಒಂದು ಡಾಕ್ಯುಮೆಂಟ್ ಬೇಕು. ಅವ್ವ ಕೇಳುವ ಪ್ರಶ್ನೆಗಳು ಎಡಕ್ಕೆ, ಉತ್ತರಗಳು ಬಲಕ್ಕೆ. ವಿಶ್ರುತನಿಗೆ ಕನ್ನಡ ಓದಲು ಬಾರದ್ದರಿಂದ ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ. ಮೇಲೆ ಮೂಲೆಯಲ್ಲಿ 'ರಿವಿಷನ್ ಒಂದು' ಎಂದು ಬರೆದಿದ್ದ. ನವೆಂಬರಿನ ಹೊತ್ತಿಗೆ ಅದು ರಿವಿಷನ್ ಆರಕ್ಕೆ ಬಂದಿತ್ತು.

ಉಂಡೇನು ಎಂದರೆ ಉಂಡೆ ಬೇ. ಏನ ಉಂಡಿ ಎಂದರೆ ರೊಟ್ಟಿ, ಬದನಿಕಾಯಿ ಪಲ್ಯ. ಥಂಡಿ ಹೆಂಗೈತಿ ಎಂದರೆ ಡಿಗ್ರಿ ಹೇಳು. ಸುಹಾಸಿನಿ ಎಲ್ಲಿ ಎಂದರೆ ಅಂಗಡಿಗೆ ಹೋಗ್ಯಾಳ. ಒಂಬತ್ತನೆಯದು, ವಿಶ್ರುತ ಎಲ್ಲ್ಯದಾನ. ಉತ್ತರ: ಮಲಗ್ಯಾನ ಬೇ, ಎಬ್ಬಸಲಿಲ್ಲ.

ಭಾಷೆಯೇ ಕಷ್ಟವಾಗಿತ್ತು. ವಿಶ್ರುತನ ಬಾಯಲ್ಲಿದ್ದ ಅಷ್ಟಿಷ್ಟು ಕನ್ನಡ ಅಮ್ಮನ ಮೈಸೂರಿನದು. ಅಪ್ಪ ಶನಿವಾರ ಮಧ್ಯಾಹ್ನ ಎದುರು ಕೂರಿಸಿಕೊಂಡು ಪಿಸುಗುಟ್ಟಿ ತಿದ್ದುತ್ತಿದ್ದ.

"ಹೋಗ್ತೀನಿ ಅಲ್ಲ. ಹೊಕ್ಕೀನಿ."

"ಹೊಕ್ಕೀನಿ."

"ಕೊನೀಗೆ ಬೇ ಅನ್ನು."

"ಯಾಕೆ? ಅದಕ್ಕೇನ್ ಅರ್ಥ?"

"ಅರ್ಥ ಇಲ್ಲ. ಅವ್ವಗ ಅನ್ನೂದು ಅಷ್ಟ."

ಅದಕ್ಕೂ ಮೊದಲು ಶನಿವಾರ ಮಧ್ಯಾಹ್ನ ಅವರಿಬ್ಬರೂ ಬೇರೇನೋ ಮಾಡುತ್ತಿದ್ದರು. ವಿಶ್ರುತ್ ಕ್ರಾಸ್ ಕಂಟ್ರಿ ಓಡುತ್ತಿದ್ದ. ಸಂಗಮೇಶ್ ಕಾಡಿನ ದಾರಿಯ ಕೊನೆಯಲ್ಲಿ ಕಾರು ನಿಲ್ಲಿಸಿಕೊಂಡು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಕಾಯುತ್ತಿದ್ದ. ವಾಪಸು ಬರುವಾಗ ಕಾರಿನಲ್ಲಿ ಮಾತಾಡುತ್ತಿದ್ದರು, ಅಥವಾ ಮಾತಾಡುತ್ತಿರಲಿಲ್ಲ. ಈಗ ಅಪ್ಪನಲ್ಲಿ ಉಳಿದಿದ್ದ ಪಿಸುಮಾತು ದಿನಕ್ಕೆ ಅರ್ಧ ಗಂಟೆಯಷ್ಟು. ಅದೆಲ್ಲ ಹೊಕ್ಕೀನಿಗೆ, ಬರವಲ್ದಿಗೆ ಖರ್ಚಾಗುತ್ತಿತ್ತು. ವಿಶ್ರುತ್ ಒಂದೆರಡು ಸಲ ಬೇರೆ ಏನನ್ನೋ ಕೇಳಲು ಬಾಯಿ ತೆರೆದ. ಆಗ ಅಪ್ಪನಿಗೆ ಕೆಮ್ಮು ಬರುತ್ತಿತ್ತು, ಇಲ್ಲವೇ ನಿದ್ದೆ ಬರುತ್ತಿತ್ತು.

ನಗು ಬಂದದ್ದೂ ಉಂಟು. ಅಕ್ಟೋಬರ್ ಕೊನೆಯಲ್ಲಿ ಒಮ್ಮೆಲೇ ಚಳಿ ಬಿತ್ತು.

"ಥಂಡಿ ಎಷ್ಟೈತಿ?" ಎಂದಳು ಕಮಲವ್ವ.

"ಇಪ್ಪತ್ತು ಡಿಗ್ರಿ ಬೇ" ಎಂದ ವಿಶ್ರುತ್. ಇಲ್ಲಿಯ ಲೆಕ್ಕ, ಫ್ಯಾರನ್‌ಹೀಟಿನಲ್ಲಿ; ಅಲ್ಲಿಯ ಲೆಕ್ಕದಲ್ಲಿ ಸೊನ್ನೆಗಿಂತ ಏಳು ಕೆಳಗೆ.

"ಇಪ್ಪತ್ತ? ಇಲ್ಲೂ ಇಪ್ಪತ್ತ ಅಂತ ಟೀವಿಯಾಗ ಹೇಳ್ಯಾರ. ಇಷ್ಟಕ್ಕ ಅಮೆರಿಕಾ ಥಂಡಿ, ಅಮೆರಿಕಾ ಥಂಡಿ ಅಂತ ಎಷ್ಟ ವರ್ಷ ಹೆದರಿಸಿದ್ಯಲ್ಲೋ ನನ್ನ!"

ಸಂಗಮೇಶ್ ದನಿಯಿಲ್ಲದೆ ನಕ್ಕ. ನಗು ಕೆಮ್ಮಾಯಿತು. ಸುಹಾಸಿನಿ ಅವನ ಬಾಯಿಗೆ ಟವೆಲ್ ಒತ್ತಿ ಹಿಡಿದು ಬಚ್ಚಲಿಗೆ ಕರೆದೊಯ್ದಳು. ವಿಶ್ರುತ್ ಒಬ್ಬನೇ ಕೂತು, ಜೋಳದ ಬೆಲೆ ಎಷ್ಟಾಯಿತು ಎಂದು ಅಜ್ಜಿಯನ್ನು ಕೇಳಿದ. ಹಾಳೆಯಲ್ಲಿ ಮುಂದಿನ ಸಾಲು ಅದೇ ಇತ್ತು.

*

ಹಾಸ್ಪೈಸ್‌ನವರು ಅಕ್ಟೋಬರಿನಿಂದ ಬರತೊಡಗಿದ್ದರು. ಇನ್ನು ಚಿಕಿತ್ಸೆ ಇಲ್ಲ, ನೋವಾಗದಂತೆ ನೋಡಿಕೊಳ್ಳುವುದಷ್ಟೇ ಎಂದಾದಾಗ ಬರುವವರು ಅವರು. ಟೀವಿ ಇದ್ದ ಕೋಣೆಯಲ್ಲಿ ಆಸ್ಪತ್ರೆಯ ಮಂಚ ಬಂತು, ಆಮ್ಲಜನಕದ ಮಷೀನು ಬಂತು. ಅವರ ಜೊತೆ ಒಬ್ಬ ಸೋಶಿಯಲ್ ವರ್ಕರ್ ಬಂದಳು. ವಿಶ್ರುತನನ್ನು ಎದುರು ಕೂರಿಸಿಕೊಂಡು, ನೀನು ಯಾರ ಹತ್ತಿರ ಮಾತಾಡುತ್ತೀಯ, ನಿದ್ದೆ ಬರುತ್ತದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಸುಹಾಸಿನಿ ಉತ್ತರ ಹೇಳಿದಳು.

"ಹೀ ಈಸ್ ವೆರಿ ಸ್ಟ್ರಾಂಗ್. ಹೀ ಈಸ್ ಹೆಲ್ಪಿಂಗ್ ಅಸ್ ಸೋ ಮಚ್."

ಆ ಹೆಂಗಸು ಒಂದು ಪುಸ್ತಿಕೆ ಕೊಟ್ಟು ಹೋದಳು. ವಿಶ್ರುತ್ ಅದನ್ನು ಬಚ್ಚಲಲ್ಲಿ ಕೂತು ಓದಿದ. ಸಿಟ್ಟು ಬರುವುದು ಸಹಜ. ನಗು ಬರುವುದು ಸಹಜ. ಬೇಗ ಮುಗಿದುಹೋಗಲಿ ಎಂದು ಅನ್ನಿಸುವುದೂ ಸಹಜ. ಕೊನೆಯ ಸಾಲನ್ನು ಅವನು ತುಂಬ ಸಲ ಓದಿದ. ಅಪ್ಪನ ದನಿಯಲ್ಲಿ ಅಪ್ಪನ ಅವ್ವನ ಜೊತೆ ಮಾತಾಡುವುದು ಸಹಜವೋ ಅಲ್ಲವೋ ಎಂದು ಆ ಪುಸ್ತಿಕೆಯಲ್ಲಿ ಎಲ್ಲೂ ಇರಲಿಲ್ಲ.

ಕನ್ನಡ ಕೂಟದವರು ಊಟದ ಸರದಿ ಮಾಡಿಕೊಂಡಿದ್ದರು. ಮಂಗಳವಾರ ವಿನಿತಾ ಆಂಟಿಯದು. ಅಲ್ಯುಮಿನಿಯಂ ಟ್ರೇ ಇಟ್ಟು ಅವಳು ವಿಶ್ರುತನ ಭುಜ ಹಿಡಿಯುತ್ತಿದ್ದಳು.

"ಇನ್ಮೇಲೆ ಈ ಮನೆಗೆ ನೀನೇ ಗಂಡಸು ಕಣೋ. ಅಮ್ಮನ ಎದುರಿಗೆ ಮಾತ್ರ ಅಳ್ಬೇಡ, ಆಯ್ತಾ? ಅವಳು ಕುಸಿದು ಹೋಗ್ತಾಳೆ."

"ಓಕೆ ಆಂಟಿ."

ಅವಳ ಗಂಡ ದ್ವಾರಕಾನಾಥ ಅಂಕಲ್ ಬಾಗಿಲಲ್ಲೇ ನಿಂತು ಶೂ ಬಿಚ್ಚಲೋ ಬೇಡವೋ ಎಂದು ಯೋಚಿಸುತ್ತಿದ್ದ. "ಮುಂದಿನ ವರ್ಷ ಕಾಲೇಜ್‌ಗೆ ಅಪ್ಲೈ ಮಾಡ್ಬೇಕಲ್ಲ ನೀನು. ತಪ್ಪು ತಿಳ್ಕೋಬೇಡಪ್ಪ, ಆದ್ರೆ ಅಡ್ಮಿಷನ್‌ಗೆ ನಿನ್ನ ಬದುಕಿನ ಬಗ್ಗೆ ಎಸ್ಸೇ ಬರೆಯೋಕೆ ನಿಂಗೆ ಇದಕ್ಕಿಂತ ಟಾಪಿಕ್ ಸಿಗಲ್ಲ."

"ಐ ನೋ, ಅಂಕಲ್."

"ರೀ, ಸುಮ್ನಿರಿ" ಎಂದಳು ವಿನಿತಾ.

ನವೆಂಬರಿನಲ್ಲಿ ವಿಶ್ರುತ್ ಓಡುವುದನ್ನು ಬಿಟ್ಟ. ಶಾಲೆಯಲ್ಲಿ ಮಾತಾಡುವುದನ್ನೂ ಹೆಚ್ಚುಕಡಿಮೆ ಬಿಟ್ಟ. ಇತಿಹಾಸದ ಕ್ಲಾಸಿನಲ್ಲಿ ಎದ್ದು ಉತ್ತರ ಹೇಳುವಾಗ ತನ್ನ ದನಿ ತನಗೇ ಕೇಳಿ, ಇದು ಭಾನುವಾರದ್ದು, ಇಲ್ಲಿ ಯಾಕೆ ಬಂತು ಎಂದು ಅನ್ನಿಸಿತು. ನಡುವೆ ನಿಲ್ಲಿಸಿ ಕೂತುಬಿಟ್ಟ. ಮನೆಗೆ ಬಂದರೆ ಗ್ಯಾರೇಜಿನಲ್ಲಿ ಅಪ್ಪನ ಕಾರಿನೊಳಗೆ, ಪ್ರಯಾಣಿಕರ ಸೀಟಿನಲ್ಲಿ ಕೂರುತ್ತಿದ್ದ. ಕಾರು ಚಾಲೂ ಮಾಡುತ್ತಿರಲಿಲ್ಲ. ಚಳಿಗೆ ಉಸಿರು ಗಾಜಿನ ಮೇಲೆ ಕಟ್ಟುತ್ತಿತ್ತು.

ಅಮ್ಮನಿಗೆ ಒಮ್ಮೆ ಹೇಳಿ ನೋಡಿದ. "ಐ ಡೋಂಟ್ ವಾಂಟ್ ಟು ಡೂ ದ ಕಾಲ್ಸ್, ಅಮ್ಮಾ."

ಅವಳು ಮಾತ್ರೆಗಳನ್ನು ಡಬ್ಬಿಯ ಮನೆಗಳಿಗೆ ಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ವಾರಕ್ಕೆ ಹದಿನೈದು ನಿಮಿಷ ವಿಶ್ರುತ್. ಅಪ್ಪಂಗೆ ಅವರಮ್ಮನ ದನಿ ಕೇಳ್ಬೇಕು. ನಾನು ದಿನಾ ಏನೇನ್ ಮಾಡ್ತಿದೀನಿ ನೋಡ್ತಿಲ್ವ ನೀನು?"

ಅವನು ನೋಡುತ್ತಿದ್ದ. ಮತ್ತೆ ಕೇಳಲಿಲ್ಲ.

*

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಭಾನುವಾರ. ಚಳಿಗಾಲಕ್ಕೆಂದು ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಕರೆ ಏಳೂವರೆಗೆ ಬಂದಿತ್ತು, ಬಾಗಲಕೋಟೆಯ ಏಳು ಗಂಟೆ ತಪ್ಪಬಾರದಲ್ಲ. ಸುಹಾಸಿನಿ ಹಿಂದಿನ ರಾತ್ರಿಯೆಲ್ಲ ಎದ್ದಿದ್ದು ಆಗಷ್ಟೇ ಮಹಡಿಗೆ ಹೋಗಿ ಮಲಗಿದ್ದಳು. ಮಂಚದ ಮೇಲೆ ಸಂಗಮೇಶ್ ಕಣ್ಣು ಮುಚ್ಚಿದ್ದ. ವಿಶ್ರುತ್ ಫೋನನ್ನು ದಿಂಬಿನ ಪಕ್ಕ ಇಟ್ಟು, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡ. ಈಗ ಹಾಳೆ ಬೇಕಾಗುತ್ತಿರಲಿಲ್ಲ, ಆದರೂ.

ಉಂಡದ್ದಾಯಿತು. ಥಂಡಿಯಾಯಿತು.

"ವಿಶ್ರುತ ಎಲ್ಲ್ಯದಾನ?"

"ಮಲಗ್ಯಾನ ಬೇ, ಎಬ್ಬಸಲಿಲ್ಲ."

"ಯಾವಾಗ ಕೇಳಿದ್ರೂ ಮಲಗ್ಯಾನ ಅಂತಿ. ಮೂರ ತಿಂಗಳಾತು ಅವನ ದನಿ ಕೇಳಿ. ಅರಾಮ ಅದಾನಿಲ್ಲೋ?"

ಹಾಳೆಯ ಪ್ರಕಾರ ಅರಾಮ ಅದಾನ ಬೇ ಎನ್ನಬೇಕು. ವಿಶ್ರುತ್ ಅಪ್ಪನನ್ನು ನೋಡಿದ. ಬಾಯಿ ಸ್ವಲ್ಪ ತೆರೆದಿತ್ತು. ನಿದ್ದೆ ಬಂದಿದೆ ಎಂದುಕೊಂಡ.

"ಅರಾಮ ಇಲ್ಲ ಬೇ" ಎಂದ.

"ಏನಾಗೇತಿ?"

"ಗೊತ್ತಿಲ್ಲ. ಯಾರ ಜೋಡಿನೂ ಮಾತಾಡಾಂಗಿಲ್ಲ. ಓಡೂದು ಬಿಟ್ಟಾನ. ಕಾರಿನ್ಯಾಗ ಒಬ್ಬನ ಕುಂದರ್ತಾನ."

"ಜ್ವರಾ ಏನಾರ?"

"ಇಲ್ಲ."

"ಯಾರಾರ ಅವನ್ನ ಕೇಳೀರೇನು, ಏನಪಾ ನಿಂದು ಅಂತ?"

"ಇಲ್ಲ ಬೇ."

"ಯಾಕ?"

ಆಮ್ಲಜನಕದ ಮಷೀನು ಬುಸುಗುಟ್ಟುತ್ತಿತ್ತು. ಅದು ನೀರಿನ ಫಿಲ್ಟರ್ ಎಂದು ಕಮಲವ್ವನಿಗೆ ಹೇಳಿದ್ದರು.

"ಯಾರಿಗೂ ಪುರಸೊತ್ತಿಲ್ಲ."

ಕಮಲವ್ವನ ದನಿ ಬೇರೆಯಾಯಿತು, ಬೈಯುವ ಹಾಗೆ. "ನಿಮ್ಮಪ್ಪ ಹ್ವಾದಾಗ ನಿನಗ ಹದಿನೈದು. ಆರ ತಿಂಗಳ ಹಾಸಿಗಿ ಹಿಡದಿದ್ದ, ನೀನ ಎಲ್ಲಾ ಬಳದಿ. ಮಂದಿ ಬಂದು ಗಟ್ಟಿ ಇರು ಅಂದ್ರು. ನಾನೂ ಅಂದೆ. ನೀ ಗಟ್ಟಿ ಇದ್ದಿ. ಎಷ್ಟ ಗಟ್ಟಿ ಅಂದ್ರ, ಆಮ್ಯಾಲೆ ನನ್ನ ಮುಂದ ಒಂದ ಮಾತ ಒಳಗಿಂದ ಆಡಲಿಲ್ಲ ನೀ. ಮೂವತ್ನಾಲ್ಕ ವರ್ಷಾತು. ಉಂಡೆ, ಮಲಗ್ತೀನಿ, ಫೋನ್ ಇಡ್ಲೇನು. ಇಷ್ಟ. ತಪ್ಪ ನಂದು. ಆ ಹುಡುಗನ್ನ ಹಂಗ ಮಾಡಬ್ಯಾಡ."

"ಏನ ಮಾಡ್ಲಿ ಬೇ?" ಇದು ಹಾಳೆಯಲ್ಲಿ ಇರಲಿಲ್ಲ.

"ಏನೂ ಮಾಡಬ್ಯಾಡ. ಬುದ್ಧಿ ಹೇಳಬ್ಯಾಡ. ಹೋಗಿ ಅವನ ಕಡೆ ಸುಮ್ಮನ ಕುಂದ್ರು."

ಫೋನ್ ಇಟ್ಟ ಮೇಲೆ ವಿಶ್ರುತ್ ತಲೆ ಎತ್ತಿದಾಗ ಅಪ್ಪನ ಕಣ್ಣು ತೆರೆದಿತ್ತು. ಅದು ಯಾವಾಗಿನಿಂದ ತೆರೆದಿತ್ತೋ ಗೊತ್ತಾಗಲಿಲ್ಲ. ಸಂಗಮೇಶ್ ಎದೆಯ ಮೇಲಿದ್ದ ಚಿಕ್ಕ ಬಿಳಿ ಹಲಗೆ ತೆಗೆದುಕೊಂಡು ಬರೆದ. ಬರೆಯಲು ತುಂಬ ಹೊತ್ತು ಹಿಡಿಯಿತು. ಇಂಗ್ಲಿಷ್ ಅಕ್ಷರದಲ್ಲಿ, 'ಖರೇ ಏನು?'

"ಯಾ."

'ಕಾರು ಯಾಕೆ?'

"ಅಲ್ಲಿ ಈ ಮಷೀನ್ ಸೌಂಡ್ ಕೇಳ್ಸಲ್ಲ" ಎಂದ ವಿಶ್ರುತ್. ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು.

ಸಂಗಮೇಶ್ ಅಂಗೈಯಿಂದ ಹಲಗೆ ಒರೆಸಿದ. ಮತ್ತೇನೂ ಬರೆಯಲಿಲ್ಲ. ಮಂಚದ ಕಂಬಿಯನ್ನು ಹಿಡಿದು ಗೋಡೆಯ ಕಡೆ ಸರಿಯಲು ನೋಡಿದ. ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಒಂದು ಗೇಣು ಸರಿದ. ಆ ಒಂದು ಗೇಣಿನಲ್ಲಿ ವಿಶ್ರುತ್ ಅರ್ಧ ಕೂತು ಅರ್ಧ ಒರಗಿದ. ಅಪ್ಪನ ಮೈ ಔಷಧಿಯ, ಬೆವರಿನ ವಾಸನೆ ಹೊಡೆಯುತ್ತಿತ್ತು. ತಲೆಯ ಮೇಲೆ ಬಂದು ಬಿದ್ದ ಕೈಗೆ ಸವರುವ ಶಕ್ತಿ ಇರಲಿಲ್ಲ, ಸುಮ್ಮನೆ ಭಾರವಾಗಿ ಇತ್ತು. ವಿಶ್ರುತ್ ಅತ್ತ. ಚೆಂದವಾಗಿ ಅಲ್ಲ, ಮೂಗು ಸೋರಿಸಿಕೊಂಡು. ಮಹಡಿಯಿಂದ ಸುಹಾಸಿನಿ ಇಳಿದು ಬರುವವರೆಗೆ, ಸುಮಾರು ನಲವತ್ತು ನಿಮಿಷ, ಅವರು ಹಾಗೇ ಇದ್ದರು.

ಅವರಿಬ್ಬರಿಗೆ ಸಿಕ್ಕಿದ್ದು ಅದೊಂದೇ. ಮುಂದಿನ ಭಾನುವಾರ, ಹದಿಮೂರನೆಯದು, ಸಂಗಮೇಶನಿಗೆ ಎಚ್ಚರವಿರಲಿಲ್ಲ. ವಿಶ್ರುತ್ ಮೂರು ನಿಮಿಷ ಮಾತಾಡಿ ಇಟ್ಟ. ಗುರುವಾರ ಮಧ್ಯಾಹ್ನ ಫಿಸಿಕ್ಸ್ ಕ್ಲಾಸಿನಿಂದ ಅವನನ್ನು ಆಫೀಸಿಗೆ ಕರೆದರು. ದ್ವಾರಕಾನಾಥ ಅಂಕಲ್ ಕೋಟು ಹಾಕಿಕೊಂಡು ನಿಂತಿದ್ದ. ಕಾರಿನಲ್ಲಿ ಆತ ಒಂದು ಮಾತೂ ಆಡಲಿಲ್ಲ. ಅದಕ್ಕಾಗಿ ವಿಶ್ರುತ್ ಆತನನ್ನು ಅರ್ಧ ಕ್ಷಮಿಸಿದ.

*

ಶನಿವಾರ ಮಣ್ಣು ಮಾಡಿದರು. ಕೂರಿಸಿ ಹೂಳಲು ಇಲ್ಲಿನ ಸ್ಮಶಾನದವರು ಒಪ್ಪಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಿ, ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟು ಬೆರಳು ಮಡಚಿದರು. ನೆಲ ಗಟ್ಟಿಯಾಗಿತ್ತು, ಮಷೀನಿನಿಂದ ಅಗೆದಿದ್ದರು. ಬಾಗಲಕೋಟೆಯಲ್ಲಿ ಕಲ್ಲಿನಾಥ ಮನೆಯಿಂದ ದೂರ, ಗೆಳೆಯನೊಬ್ಬನ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಎಲ್ಲ ನೋಡಿ ಅತ್ತ. ಮರುಗಳಿಗೆ ಕಣ್ಣು ಒರೆಸಿಕೊಂಡು ವಿಶ್ರುತನನ್ನು ಕೇಳಿದ.

"ಇನ್ನ ಹತ್ತ ದಿನಕ್ಕ ಅವ್ವನ ಆಪರೇಶನ್. ನಾಳೆ ಒಂದು, ಮುಂದಿನ ಐತವಾರ ಒಂದು. ಎರಡ ಫೋನು ಅಷ್ಟ ತಮ್ಮಾ. ನೀ ಭಾಳ ಶಾಣ್ಯಾ ಅದಿ."

"ಕಾಕಾ, ಹೀ ಈಸ್ ಡೆಡ್."

"ಅದಕ್ಕ ಹೇಳಾಕತ್ತೀನಿ."

ವಿಶ್ರುತ್ ಅಮ್ಮನ ಕಡೆ ನೋಡಿದ. ಇಲ್ಲ ಎನ್ನುತ್ತಾಳೆ ಎಂದು ಕಾದ. ಸುಹಾಸಿನಿ ಇನ್ನೂ ಸ್ಮಶಾನದ ಮಣ್ಣು ಮೆತ್ತಿದ ಬೂಟಿನಲ್ಲೇ ಕುರ್ಚಿಯಲ್ಲಿ ಕೂತಿದ್ದಳು.

"ಮಾಡ್ಬಿಡೋ, ಪ್ಲೀಸ್. ಅವರಿಗೇನಾದ್ರೂ ಆದ್ರೆ ನಾವೇ ಕೊಂದ ಹಾಗೆ ಆಗತ್ತೆ. ನಂಗೆ ಇನ್ನೊಂದು ಸಾವು ನೋಡೋಕೆ ಆಗಲ್ಲ ಕಣೋ."

*

ಭಾನುವಾರ ಏಳೂವರೆ. ಅಡುಗೆಮನೆಯ ಮೇಜು. ಸುಹಾಸಿನಿ ಎದುರಿಗೆ ಕೂತಳು. ಟೀವಿ ಕೋಣೆಯಲ್ಲಿ ಮಂಚ ಹಾಗೇ ಇತ್ತು, ಸೋಮವಾರ ಬಂದು ಒಯ್ಯುತ್ತೇವೆ ಎಂದಿದ್ದರು. ಮಷೀನು ನಿಂತಿತ್ತು. ಮನೆ ಎಷ್ಟು ಸದ್ದಿಲ್ಲದೆ ಇತ್ತೆಂದರೆ ದೂರದ ರೈಲಿನ ಕೂಗು ಅಡುಗೆಮನೆಗೆ ಕೇಳುತ್ತಿತ್ತು.

"ಉಂಡೇನಪಾ?"

"ಉಂಡೆ ಬೇ."

"ಏನ ಉಂಡಿ?"

"ರೊಟ್ಟಿ. ಬದನಿಕಾಯಿ ಪಲ್ಯ."

"ಇವತ್ತ ನಿಮ್ಮ ಫಿಲ್ಟರ್ ಸಪ್ಪಳ ಇಲ್ಲ?"

ಸುಹಾಸಿನಿ ಬಾಯಿಗೆ ಕೈ ಇಟ್ಟುಕೊಂಡಳು.

"ಕೆಟ್ಟೈತಿ ಬೇ."

"ಹೋಗ್ಲಿ. ಆ ಹುಡುಗನ ಕಡೆ ಕುಂತಿದ್ಯೇನು? ನಾ ಹೇಳಿದ್ದೆ."

"ಕುಂತಿದ್ದೆ."

"ಏನಂದ?"

"ಏನೂ ಅನ್ನಲಿಲ್ಲ. ಅತ್ತ."

"ಚಲೋ ಆತು" ಎಂದಳು ಕಮಲವ್ವ. "ಈಗ ಅವನ್ನ ಕರಿ. ಮಲಗಿದ್ರ ಎಬ್ಬಸು. ನಾ ಮಾತಾಡ್ತೀನಿ ಅವನ ಜೋಡಿ."

ಒಂಬತ್ತನೆಯ ಸಾಲಿನ ಉತ್ತರ ಅವನ ನಾಲಗೆಯ ಮೇಲಿತ್ತು. ಸುಹಾಸಿನಿ ತುಟಿಯಲ್ಲೇ ಅದನ್ನು ಹೇಳಿಕೊಡುತ್ತಿದ್ದಳು, ಮಲಗ್ಯಾನ, ಮಲಗ್ಯಾನ.

"ಕರದಿ ಏನು?"

"ಆಯಿ" ಎಂದ ವಿಶ್ರುತ್. ಅವನು ಅಜ್ಜಿಯನ್ನು ಕರೆಯುತ್ತಿದ್ದುದು ಹಾಗೆ. ಸೆಪ್ಟೆಂಬರಿನ ನಂತರ ಆ ಮಾತು ಅವನ ಬಾಯಿಂದ ಬಂದಿರಲಿಲ್ಲ. "ಆಯಿ, ನಾನು."

"ವಿಶ್ರುತ! ಅಯ್ಯ, ನಿನ್ನ ದನಿ! ನಿಮ್ಮಪ್ಪಂದ ಐತಲ್ಲೋ!" ಕಮಲವ್ವ ನಕ್ಕಳು. "ಫೋನ್ ಕೊಟ್ಟು ಎಲ್ಲಿ ಹ್ವಾದ ಅವ?"

ಸುಹಾಸಿನಿಯ ಹೆಗಲು ಇಳಿಯಿತು. ಇಷ್ಟಕ್ಕೇ ನಿಂತರೆ ಸರಿ ಎಂಬಂತೆ ಅವಳು ಮಗನ ಕಡೆ ತಲೆಯಾಡಿಸಿದಳು. ನಿಲ್ಲಿಸಬಹುದಿತ್ತು. ಇನ್ನೆರಡು ನಿಮಿಷ ಮಾತಾಡಿ, ಅಪ್ಪ ಹೊರಗೆ ಹೋದ ಎಂದು ಹೇಳಿ ಇಟ್ಟುಬಿಡಬಹುದಿತ್ತು.

"ಅಪ್ಪ ತೀರ್ಕೊಂಡ್ರು ಆಯಿ. ಗುರುವಾರ."

"ಹುಚ್ಚುಚ್ಚಾರ ಮಾತಾಡಬ್ಯಾಡ. ಈಗ ನನ್ನ ಜೋಡಿ ಮಾತಾಡಿದ."

"ಅದು ನಾನೇ."

ವಿಶ್ರುತ್ ಫೋನನ್ನು ಹತ್ತಿರ ಎಳೆದುಕೊಂಡ.

"ಮುಂಚೆನೂ ನಾನೇ. ತುಂಬಾ ದಿನದಿಂದ. ಅಪ್ಪಂಗೆ ಕ್ಯಾನ್ಸರ್ ಇತ್ತು, ದನಿ ಹೋಗಿತ್ತು. ಐ ಆಮ್ ಸಾರಿ, ಆಯಿ."

ಫೋನು ನೆಲಕ್ಕೆ ಬಿದ್ದ ಸದ್ದಾಯಿತು. ಆಮೇಲೆ ಬಂದ ಕೂಗನ್ನು ವಿಶ್ರುತ್ ಯಾರದೆಂದು ಗುರುತಿಸಲಿಲ್ಲ. ಯಾರೋ ಓಡಿ ಬಂದರು, ಪಾತ್ರೆ ಉರುಳಿತು. ಕಲ್ಲಿನಾಥ ಫೋನ್ ಎತ್ತಿಕೊಂಡು, "ಏನ ಮಾಡಿದ್ಯೋ ಸೂಳೇಮಗನ" ಎಂದ. ಸುಹಾಸಿನಿ ಫೋನ್ ಕಿತ್ತುಕೊಂಡು, "ಕಲ್ಲಿನಾಥ, ಕಲ್ಲಿನಾಥ, ಸ್ವಲ್ಪ ಕೇಳಿ" ಎನ್ನುತ್ತ ಎದ್ದು ನಿಂತಳು. ಅಷ್ಟರಲ್ಲಿ ಲೈನ್ ಕಟ್ಟಾಗಿತ್ತು. ಅವಳು ಮಗನ ಕೆನ್ನೆಗೆ ಹೊಡೆದಳು. ಅವಳು ಅವನಿಗೆ ಹೊಡೆದದ್ದು ಅದೇ ಮೊದಲು. ಹೊಡೆದ ಮೇಲೆ ಅದೇ ಕೈಯನ್ನು ಮೇಜಿನ ಮೇಲಿಟ್ಟು ನೋಡುತ್ತ ಕೂತಳು.

*

ಕಮಲವ್ವನನ್ನು ಎರಡು ದಿನ ಐಸಿಯುನಲ್ಲಿ ಇಟ್ಟಿದ್ದರು. ಬೈಪಾಸ್ ಮುಂದಕ್ಕೆ ಹೋಯಿತು. ಅವ್ವನಿಗೆ ಏನಾದರೂ ಆದರೆ ಆ ಹುಡುಗನ ಮುಖ ನೋಡುವುದಿಲ್ಲ ಎಂದು ಕಲ್ಲಿನಾಥ ಮೆಸೇಜ್ ಕಳಿಸಿದ. ಮುಂದಿನ ಭಾನುವಾರ ಏಳೂವರೆ ಕಳೆಯಿತು, ಎಂಟೂವರೆ ಕಳೆಯಿತು. ತಾವಾಗಿ ಫೋನ್ ಮಾಡುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇರಲಿಲ್ಲ. ವಿಶ್ರುತ್ ಮೇಜಿನ ಮುಂದೆ ಕೂತೇ ಇದ್ದ. ಸುಹಾಸಿನಿ ಬಂದು ಎದುರಿಗೆ ಕೂತಳು. ಎದ್ದು ಹೋಗಲಿಲ್ಲ.

ಅದರ ಮುಂದಿನ ಭಾನುವಾರ ಫೋನೇ ಹೊಡೆದುಕೊಂಡಿತು. ಸಂಗಮೇಶನ ಫೋನು. ಅದನ್ನು ಇನ್ನೂ ಚಾರ್ಜಿಗೆ ಹಾಕಿಡುತ್ತಿದ್ದರು. ಕಲ್ಲಿನಾಥನ ಮಗಳು ಅಕ್ಷರಾ ನಂಬರ್ ಒತ್ತಿ ಅಜ್ಜಿಯ ಕೈಗೆ ಕೊಟ್ಟಿದ್ದಳು.

"ಹಲೋ" ಎಂದ ವಿಶ್ರುತ್.

ಆ ಕಡೆ ಫೋನು ಕಿವಿಯಿಂದ ದೂರ ಸರಿದ ಸದ್ದಾಯಿತು. ಆ ದನಿ ಅವಳಿಗೆ ಏನು ಮಾಡಿತೆಂದು ಅವನಿಗೆ ಗೊತ್ತಾಯಿತು. ಇಟ್ಟುಬಿಡುತ್ತಾಳೆ ಎಂದುಕೊಂಡ.

"ಯಾರು?"

"ವಿಶ್ರುತ್, ಆಯಿ."

"ಹೂಂ." ಅವಳ ಉಸಿರು ಎಳೆದು ಎಳೆದು ಬರುತ್ತಿತ್ತು. "ಎಷ್ಟ ಐತವಾರ ಸುಳ್ಳ ಹೇಳಿದಿ ನನಗ?"

"ಹದಿಮೂರು. ಕೊನೇದು ಸೇರಿಸಿದ್ರೆ ಹದಿನಾಲ್ಕು."

"ಮಗನ ದನಿ ಅಂತ ಹದಿಮೂರ ಐತವಾರ ಕುಂತ ಕೇಳಿನಿ. ಅವ ಒಳಗ ಸಾಯಾಕತ್ತಿದ್ದ. ನನಗ ಅವನ ಜೋಡಿ ಅಳಾಕೂ ಬಿಡಲಿಲ್ಲ ನೀವು."

ಯಾವ ರಿವಿಷನ್ನಿನಲ್ಲೂ ಅದಕ್ಕೆ ಉತ್ತರವಿರಲಿಲ್ಲ.

"ನನಗ ಒಂದ ಸಲ ಸಂಶೆ ಬಂದಿತ್ತು" ಎಂದಳು ಕಮಲವ್ವ. "ಸಂಗಪ್ಪ ನನ್ನ ಮಾತ ಮುಗಿಯೂತನಕ ಎಂದೂ ಕೇಳಾಂವಲ್ಲ. ನಡುವ ಇಡ್ಲೇನು ಅಂತಿದ್ದ. ಇವ ಪೂರ್ತಿ ಕೇಳ್ತಿದ್ದ. ವಯಸ್ಸಾತು, ಬುದ್ಧಿ ಬಂತು ಅನ್ಕೊಂಡೆ."

ಸುಹಾಸಿನಿ ಮೇಜಿನ ಆಚೆ ತಲೆ ತಗ್ಗಿಸಿ ನ್ಯಾಪ್‌ಕಿನ್ ಮಡಚುತ್ತಿದ್ದಳು.

"ಅವತ್ತ ಹೇಳಿದ್ದು, ಹುಡುಗ ಅರಾಮ ಇಲ್ಲ ಅಂತ. ಅದೂ ಸುಳ್ಳೇನು?"

"ಇಲ್ಲ. ಅದು ನಿಜ."

"ಅವ ಖರೇನ ನಿನ್ನ ಕಡೆ ಕುಂತಿದ್ನೇನು?"

"ಹೂಂ. ಅಪ್ಪ ಎಲ್ಲಾ ಕೇಳಿಸ್ಕೊಂಡಿದ್ರು. ನಾನ್ ಮಾತಾಡ್ತಿರುವಾಗ. ಆಮೇಲೆ... ಜಾಗ ಮಾಡಿದ್ರು, ಬೆಡ್ ಮೇಲೆ."

ಕಮಲವ್ವ ಅತ್ತಳು. ಜೋರಾಗಿ ಅಲ್ಲ. ವಿಶ್ರುತ್ ಅಡ್ಡ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ. ಎಷ್ಟೋ ಹೊತ್ತಿನ ಮೇಲೆ ಅವಳು ಮೂಗು ಒರೆಸಿಕೊಂಡ ಸದ್ದು ಬಂತು.

"ಉಂಡಿಯೇನು?"

"ಹೂಂ."

"ಏನ ಉಂಡಿ?"

ವಿಶ್ರುತ್ ಮುಂದಿದ್ದ ಬಟ್ಟಲು ನೋಡಿದ. "ಸೀರಿಯಲ್."

"ಅದೇನದು?"

"ಅದು... ಹೇಗೆ ಹೇಳ್ಲಿ. ಜೋಳ ಇರತ್ತಲ್ಲ, ಅದನ್ನ ತೆಳ್ಳಗೆ, ಗರಿಗರಿಯಾಗಿ ಮಾಡಿರ್ತಾರೆ. ತಣ್ಣಗಿರೋ ಹಾಲಿಗೆ ಹಾಕ್ಕೊಂಡು ತಿನ್ನೋದು."

"ತಣ್ಣಾಂದು? ಅಷ್ಟ ಥಂಡಿಯಾಗ? ಸುಹಾಸಿನಿ ಏನ ಮಾಡಾಕತ್ತಾಳ?"

"ಇಲ್ಲೇ ಕೂತಿದಾರೆ."

"ಆಕೀಗೂ ಒಂದೀಟ ಆಮ್ಯಾಲೆ ಫೋನ್ ಕೊಡು. ಮೊದಲ ನೀ ಹೇಳು."

"ಏನು ಹೇಳ್ಲಿ?"

"ನನಗೇನ ಗೊತ್ತು? ನಿಂದ ಹೇಳು."

ಬಟ್ಟಲಲ್ಲಿ ಸೀರಿಯಲ್ ಮೆತ್ತಗಾಗಿತ್ತು. ಅವನು ಅದನ್ನು ಪಕ್ಕಕ್ಕೆ ಸರಿಸಿದ. ಮಾತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ಕಡೆ ಕಮಲವ್ವ ಇಡ್ಲೇನು ಅನ್ನಲಿಲ್ಲ.